ಖಾಲಿ ಇದ್ದ ಜಾಗ: ಬೇಸ್ ಗಿಟಾರ್ ಕೈಗೆ ಬಂದ ಬಗೆ

ನನ್ನ ಪ್ರಶ್ನೆ ಸಣ್ಣದು. ಇಷ್ಟೊಂದು ವಾದ್ಯಗಳಿರುವಾಗ ಒಬ್ಬರು ಬೇಸ್ ಗಿಟಾರನ್ನೇ ಯಾಕೆ ಹಿಡೀತಾರೆ? ಕನ್ನಡ ವಿಭಾಗದ ಸೆಮಿನಾರಿನಲ್ಲಿ ಇದೇನು ವಿಷಯ ಅಂತ ಅನ್ನಿಸಬಹುದು. ಆದರೆ ನಾವು ಓದುವ ತತ್ವಪದ, ಜನಪದ ಕಾವ್ಯ ಎಲ್ಲವೂ ಯಾವುದೋ ಒಂದು ಶ್ರುತಿಯ ಮೇಲೆ ನಿಂತು ನಮ್ಮವರೆಗೆ ಬಂದಿವೆ. ಆ ಶ್ರುತಿಯನ್ನು ಹಿಡಿದು ಕೂತವರು ಯಾರು ಅಂತ ನಾವು ಕೇಳಿದ್ದು ಕಡಿಮೆ.

ಮೊದಲು ವಾದ್ಯದ ವಿಚಾರ. ಬೇಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕು ತಂತಿ. ಗಿಟಾರಿನ ಕೆಳಗಿನ ನಾಲ್ಕು ತಂತಿಗಳ ಸ್ವರಗಳೇ ಇಲ್ಲಿ ಒಂದು ಸ್ಥಾಯಿ ಕೆಳಗೆ ಇರುತ್ತವೆ. ಅತ್ಯಂತ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ನಮ್ಮ ಮಾತಲ್ಲಿ ಹೇಳಬೇಕಾದರೆ ಮಂದ್ರ, ಇನ್ನೂ ಕೆಳಗೆ ಅತಿಮಂದ್ರ. 1930ರ ದಶಕದಲ್ಲೇ ಅಮೆರಿಕದ ಸಿಯಾಟಲ್‌ನಲ್ಲಿ ಪಾಲ್ ಟುಟ್ಮಾರ್ಕ್ ಇಂಥದ್ದೊಂದನ್ನು ಮಾಡಿದ್ದ. ಜಗತ್ತಿಗೆಲ್ಲ ಹರಡಿದ್ದು ಮಾತ್ರ ಲಿಯೋ ಫೆಂಡರ್ 1951ರಲ್ಲಿ ತಂದ 'ಪ್ರಿಸಿಷನ್ ಬೇಸ್'. ಅದಕ್ಕೂ ಮುಂಚೆ ಈ ಕೆಲಸಕ್ಕೆ ಆಳೆತ್ತರದ ಡಬಲ್ ಬೇಸ್ ಇತ್ತು. ಹೊತ್ತು ತಿರುಗೋದು ಕಷ್ಟ, ಡ್ರಮ್ಮಿನ ಸದ್ದಿನ ನಡುವೆ ಕೇಳಿಸೋದೂ ಕಷ್ಟ. ಫೆಂಡರ್ ವಾದ್ಯದ ಕತ್ತಿನ ಮೇಲೆ ಮೆಟ್ಟಿಲುಗಳಿದ್ದವು. ಬೆರಳನ್ನು ಸರಿಯಾದ ಮೆಟ್ಟಿಲ ಹಿಂದೆ ಇಟ್ಟರೆ ಸ್ವರ ಸರಿಯಾಗೇ ಬರುತ್ತಿತ್ತು. ಗಿಟಾರ್ ಗೊತ್ತಿದ್ದವನು ಬೇಗ ಇದಕ್ಕೆ ಒಗ್ಗಬಹುದಾಗಿತ್ತು. ಈ ಸಣ್ಣ ಅನುಕೂಲ ದೊಡ್ಡ ಪರಿಣಾಮ ಮಾಡಿತು. ಬೇಸ್ ಹಿಡಿಯುವವರು ಇನ್ನೊಂದು ವಾದ್ಯದಿಂದ ಬಂದವರಾದರು.

ಹೇಗೆ ಬಂದರು ಅಂತ ನೋಡಿದರೆ 'ಸ್ಫೂರ್ತಿ' ಅನ್ನುವ ಪದವೇ ಸ್ವಲ್ಪ ಅಲುಗಾಡುತ್ತದೆ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಮೊದಲು ಗಿಟಾರ್ ನುಡಿಸುತ್ತಿದ್ದವರು. 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಬೇಸ್ ನುಡಿಸುತ್ತಿದ್ದ ಸ್ಟುವರ್ಟ್ ಸಟ್‌ಕ್ಲಿಫ್ ಚಿತ್ರಕಲೆಯ ಕಡೆ ಹೊರಟರು. ಆ ಜಾಗಕ್ಕೆ ಯಾರಾದರೂ ಬೇಕಿತ್ತು, ಮೆಕಾರ್ಟ್ನಿ ನಿಂತರು. ಕ್ಯಾರೋಲ್ ಕೇ ಹಾಲಿವುಡ್‌ನಲ್ಲಿ ಗಿಟಾರ್ ನುಡಿಸಿ ಸಂಪಾದಿಸುತ್ತಿದ್ದವರು. 1963ರಲ್ಲಿ ಒಂದು ದಿನ ಬೇಸ್ ವಾದಕ ಸ್ಟುಡಿಯೋಗೆ ಬರಲಿಲ್ಲ, ಇವರು ನುಡಿಸಿದರು, ಮುಂದೆ ಅದೇ ಅವರ ಬದುಕಾಯಿತು. ಜಾಕೋ ಪಾಸ್ಟೋರಿಯಸ್ ಡ್ರಮ್ ಬಾರಿಸುತ್ತಿದ್ದ ಹುಡುಗ, ಆಟದಲ್ಲಿ ಮಣಿಕಟ್ಟಿಗೆ ಪೆಟ್ಟಾಯಿತು, ತಂಡದಲ್ಲಿ ಬೇಸ್ ಜಾಗ ತೆರವಾಯಿತು. ಮೂವರೂ ಆಮೇಲೆ ಆ ವಾದ್ಯದ ಭಾಷೆಯನ್ನೇ ಬದಲಿಸಿದವರು. ಅಂದರೆ ಪ್ರೀತಿ ಹುಟ್ಟಿದ್ದು ಕೂತ ಮೇಲೆ. ಕೂರಿಸಿದ್ದು ಖಾಲಿ ಜಾಗ.

ಇದು ನಮಗೆ ಹೊಸದೇನಲ್ಲ ಅನ್ನೋದು ನನ್ನ ವಾದ. ನಾಗಸ್ವರದ ಮೇಳದಲ್ಲಿ ಒತ್ತು ಅನ್ನುವ ವಾದ್ಯ ಇತ್ತು. ಒಂದೇ ಸ್ವರ, ಉಸಿರು ಕಡಿಯದೆ ಊದಬೇಕು. ಅದನ್ನು ಊದಲು ಕಲಿಯುವ ಹುಡುಗರನ್ನೇ ಹೆಚ್ಚಾಗಿ ನಿಲ್ಲಿಸುತ್ತಿದ್ದರು. ಸಂಗೀತ ಕಛೇರಿಯಲ್ಲಿ ತಂಬೂರಿ ಹಿಡಿದು ಹಿಂದೆ ಕೂರುವುದೂ ಶಿಷ್ಯರೇ. ಕೆಲಸ ಬೇಸರದ್ದು, ಯಾರೂ ಅವರ ಕಡೆ ನೋಡೋದಿಲ್ಲ. ಆದರೆ ಗುರುವಿನ ಬೆನ್ನ ಹಿಂದೆ ಗಂಟೆಗಟ್ಟಲೆ ಕೂತು ಕೇಳುವ ಅವಕಾಶ ಇನ್ಯಾವ ಜಾಗದಲ್ಲಿ ಸಿಗುತ್ತೆ ಹೇಳಿ? ಕೆಳಗಿನ ಸ್ವರದ ಜಾಗ ಸಂಗೀತದ ಮನೆಗೆ ಒಂದು ಹಿತ್ತಿಲ ಬಾಗಿಲಾಗಿತ್ತು.

ಎಲ್ಲ ಕಡೆ ಹೀಗೇ ಅಂತಲೂ ಹೇಳೋಕಾಗಲ್ಲ. ನೀಲಗಿರಿಯ ಪಕ್ಕದ ಚಾಮರಾಜನಗರದ ಸೀಮೆಯಲ್ಲಿ ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರನ್ನು ನೆನಪಿಸಿಕೊಳ್ಳಿ. ಅಲ್ಲಿ ತಂಬೂರಿ ಹಿಡಿಯುವವರು ಮೇಳದ ಮುಖ್ಯ ಗಾಯಕರೇ. ಕಥೆ ನಡೆಸುವವರ ಕೈಯಲ್ಲೇ ಶ್ರುತಿ, ಜೊತೆಗೆ ಗಗ್ಗರ. ದಮ್ಮಡಿಯವರೂ ಹಿಮ್ಮೇಳದವರೂ ಅವರನ್ನು ಅನುಸರಿಸುತ್ತಾರೆ. ಬೇಸ್ ನುಡಿಸುತ್ತಲೇ ಹಾಡುವ ಮೆಕಾರ್ಟ್ನಿಯನ್ನು ನೋಡಿ ಪಾಶ್ಚಾತ್ಯ ವಿಮರ್ಶಕರು ಬೆರಗುಪಡೋದುಂಟು. ನಮ್ಮ ನೀಲಗಾರರಿಗೆ ಅದು ದಿನದ ಕಸುಬು.

ಇನ್ನು ಕನ್ನಡದ ಕಿವಿಗೆ ಬೇಸ್ ಗಿಟಾರ್ ಬಿದ್ದ ಕಥೆಗೆ ಬರೋಣ. ಇಲ್ಲಿ ಜಿ.ಕೆ. ವೆಂಕಟೇಶ್ ಅವರಿಂದಲೇ ಶುರು ಮಾಡಬೇಕು. ರಾಜ್‌ಕುಮಾರ್ ಚಿತ್ರಗಳಿಗೆ ವರ್ಷಗಟ್ಟಲೆ ಸಂಗೀತ ಕೊಟ್ಟವರು ಅವರು. 1977ರ 'ಸನಾದಿ ಅಪ್ಪಣ್ಣ'ದಲ್ಲಿ ಬಿಸ್ಮಿಲ್ಲಾ ಖಾನರ ಶೆಹನಾಯಿ ಕೇಳಿಸಿದವರೂ ಅವರೇ. ಅವರ ಬಳಿ ಗಿಟಾರ್ ನುಡಿಸುತ್ತಾ, ಸಹಾಯಕರಾಗಿ ದುಡಿಯುತ್ತಾ ಇದ್ದವರು ಇಳಯರಾಜ. ಮದರಾಸಿನಲ್ಲಿ ಧನರಾಜ್ ಮಾಸ್ಟರ್ ಹತ್ತಿರ ಪಾಶ್ಚಾತ್ಯ ಸಂಗೀತ ಕಲಿತವರು, ಗಿಟಾರಿನಲ್ಲಿ ಲಂಡನ್ನಿನ ಟ್ರಿನಿಟಿ ಕಾಲೇಜಿನ ಪರೀಕ್ಷೆ ಪಾಸು ಮಾಡಿದವರು. 1976ರ 'ಅನ್ನಕ್ಕಿಳಿ' ಅವರ ಮೊದಲ ಚಿತ್ರ.

ಇಳಯರಾಜ ಬಾಖ್‌ನನ್ನು ಎಷ್ಟು ಹಚ್ಚಿಕೊಂಡಿದ್ದರು ಅನ್ನೋದಕ್ಕೆ 1986ರ 'ಹೌ ಟು ನೇಮ್ ಇಟ್' ಸಾಕ್ಷಿ. ಬಾಖ್‌ನ ಸಂಗೀತದಲ್ಲಿ ಕೆಳಗಿನ ಸ್ವರ ಮೇಲಿನದಕ್ಕೆ ಊರುಗೋಲಲ್ಲ, ಅದಕ್ಕೆ ಅದರದೇ ನಡಿಗೆ ಇರುತ್ತದೆ. ಎರಡು ರಾಗಗಳು ಒಂದೇ ಹೊತ್ತಿಗೆ ಬೇರೆ ಬೇರೆ ದಾರಿಯಲ್ಲಿ ನಡೆದು ಜೊತೆಗೇ ಇರುತ್ತವೆ. ಆ ಪಾಠವನ್ನು ಇಳಯರಾಜ ಸಿನಿಮಾ ಹಾಡಿಗೆ ತಂದರು. 1981ರಲ್ಲಿ ಶಂಕರ್‌ನಾಗ್ ಅವರ 'ಗೀತಾ' ಬಂತು. ಅದರ 'ಜೊತೆಯಲಿ' ಹಾಡನ್ನು ಇವತ್ತು ಒಳ್ಳೇ ಹೆಡ್‌ಫೋನ್ ಹಾಕಿ, ಎಸ್‌ಪಿಬಿ ಮತ್ತು ಜಾನಕಿ ಅವರ ದನಿಯಿಂದ ಕಿವಿಯನ್ನು ಬಲವಂತವಾಗಿ ಕೆಳಗಿಳಿಸಿ ಕೇಳಿ. ಕೆಳಗೆ ಇನ್ನೊಬ್ಬರು ಹಾಡ್ತಾ ಇದ್ದಾರೆ ಅನ್ನಿಸುತ್ತೆ. 1983ರ 'ಪಲ್ಲವಿ ಅನು ಪಲ್ಲವಿ'ಯಲ್ಲೂ ಹಾಗೇ. ಇಳಯರಾಜರ ವಾದ್ಯಗೋಷ್ಠಿಯಲ್ಲಿ ಬೇಸ್ ನುಡಿಸಿದ ಶಶಿಧರನ್ ಅವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಕ್ಯಾಸೆಟ್ಟಿನ ಹೊದಿಕೆಯಲ್ಲಿ ಗಾಯಕರು, ಸಾಹಿತ್ಯ, ಸಂಗೀತ ಅಂತ ಮೂರು ಸಾಲು ಮುಗಿದರೆ ಮುಗೀತು. ಬೇಸ್ ವಾದಕರ ಚರಿತ್ರೆ ಬರೆಯೋರಿಗೆ ಇರುವ ಮೊದಲ ತೊಡಕು ಇದೇ.

ಇಲ್ಲಿ ಪಂದಲೂರನ್ನು ತರಲು ಕಾರಣ ಇದೆ. 1877ರವರೆಗೆ ಮಲಬಾರಿನ ವಯನಾಡಿಗೆ ಸೇರಿದ್ದ ಸೀಮೆ ಇದು. 1880ರ ಆಸುಪಾಸಿನಲ್ಲಿ ಚಿನ್ನದ ಆಸೆಗೆ ಜನ ನುಗ್ಗಿದರು, ಆಮೇಲೆ ಚಹಾ ಬಂತು, 1964ರ ಸಿರಿಮಾವೋ–ಶಾಸ್ತ್ರಿ ಒಪ್ಪಂದದ ಬಳಿಕ ಸಿಂಹಳದಿಂದ ಮರಳಿದ ತಮಿಳು ಕೂಲಿಕಾರರು ಬಂದರು. ಹಾಗಾಗಿ ಪೇಟೆಯಲ್ಲಿ ತಮಿಳು, ಮಲಯಾಳ, ಅಲ್ಲಲ್ಲಿ ಕನ್ನಡ, ತೋಟದೊಳಗೆ ಪಣಿಯರ ಮಾತು. 'ಜೊತೆಯಲಿ' ಹಾಡಿನ ಧಾಟಿ 1984ರಲ್ಲಿ ತಮಿಳಿನ 'ನೂರಾವದು ನಾಳ್' ಚಿತ್ರಕ್ಕೆ ಹೋಯಿತು, 2007ರಲ್ಲಿ ಹಿಂದಿಯ 'ಚೀನಿ ಕಮ್'ಗೂ ಹೋಯಿತು. ಇಂಥ ಊರಿನಲ್ಲಿ ಬಾಡಿಗೆ ಜೀಪಿನಲ್ಲಿ ಅದು ಬಂದರೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಭಾಷೆಯ ಸಾಹಿತ್ಯ. ಎಲ್ಲರಿಗೂ ಒಂದೇ ಆಗಿರೋದು ಮಾತಿನ ಕೆಳಗಿನ ಧಾಟಿ, ಧಾಟಿಯ ಕೆಳಗಿನ ಬೇಸ್. ಸೀಟಿನ ಕೆಳಗಿರುವ ಸ್ಪೀಕರ್ ಬೆನ್ನಿಗೆ ಬಡಿಯುವಾಗ ಅದು ಕಿವಿಗಿಂತ ಮೊದಲು ಮೈಗೆ ತಾಗುತ್ತೆ. (ಒಂದು ಮಾತು: 'ಮೌನರಾಗಂ' ಚಿತ್ರದ ಪ್ರಸಿದ್ಧ ಹಾಡಿನ 'ಮನ್ರಂ' ನಮ್ಮ ಮಂದ್ರ ಅಲ್ಲ. ತಮಿಳಿನಲ್ಲಿ ಅದು ಸಭೆ. ಗಡಿಯವರು ಮೊದಲ ಸಲ ಎಡವುವ ಜಾಗ.)

ಅಂದರೆ ಖಾಲಿ ಜಾಗದ ಜೊತೆಗೆ ಇನ್ನೊಂದು ಬಾಗಿಲು ತೆರೆಯಿತು. ಹಾಡಿನ ಕೆಳಗೆ ಇನ್ನೊಂದು ಹಾಡಿದೆ ಅಂತ ಕೇಳಿಸಿಕೊಂಡವರು ಅದನ್ನೇ ಹುಡುಕಿಕೊಂಡು ಹೋಗುವ ಬಾಗಿಲು. ಬೆಂಗಳೂರಿನ ತಂಡಗಳು ಇದಕ್ಕೆ ಕನ್ನಡದ ಪದಗಳನ್ನೇ ಕೊಟ್ಟವು. ಸ್ವರಾತ್ಮದಲ್ಲಿ ಜಿಷ್ಣು ದಾಸ್‌ಗುಪ್ತ, ರಘು ದೀಕ್ಷಿತ್ ಪ್ರಾಜೆಕ್ಟ್‌ನಲ್ಲಿ ಗೌರವ್ ವಾಜ್ ಬೇಸ್ ನುಡಿಸಿದರು. ರಘು ದೀಕ್ಷಿತರ 2008ರ ಆಲ್ಬಂನಲ್ಲಿ ಶಿಶುನಾಳ ಶರೀಫರ 'ಗುಡುಗುಡಿಯ' ಪದ ಇದೆ. ಏಕತಾರಿಯ ಒಂಟಿ ತಂತಿಯ ಮೇಲೆ ನಿಲ್ಲುತ್ತಿದ್ದ ತತ್ವಪದ ಅಲ್ಲಿ ನಾಲ್ಕು ತಂತಿಯ ಮೇಲೆ ನಿಂತಿದೆ. ಏಕತಾರಿ ಒಂದೇ ಸ್ವರದಲ್ಲಿ ಉಳಿದು ಪದಕ್ಕೆ ಜಾಗ ಬಿಡುತ್ತೆ, ಬೇಸ್ ನಡೆದಾಡಿ ಪದವನ್ನು ಕುಣಿಸುತ್ತೆ. ಕುಣಿತದಲ್ಲಿ ಶರೀಫರ ವೈರಾಗ್ಯ ಸ್ವಲ್ಪ ತೆಳುವಾಗುತ್ತೆ ಅಂತ ನನಗನ್ನಿಸುತ್ತೆ, ಆದರೆ ಪದ ಕಾಲೇಜು ಹುಡುಗರ ಬಾಯಿಗೆ ಬಂದಿದ್ದೂ ಆ ಕುಣಿತದಿಂದಲೇ.

ಈಗ ಚಾಟ್‌ನಲ್ಲಿ ಬಂದಿರುವ ಪ್ರಶ್ನೆ. "ಹಾಗಾದರೆ ನಮ್ಮ ಊರುಗಳಲ್ಲಿ ಬೇಸ್ ವಾದಕರು ಯಾಕೆ ಕಾಣಿಸಲ್ಲ?" ಅಂತ ಗೆಳತಿಯೊಬ್ಬರು ಕೇಳಿದ್ದಾರೆ. ಉತ್ತರ ಕೀಬೋರ್ಡ್‌ನಲ್ಲಿದೆ. ನಮ್ಮ ಕಡೆ ಅದನ್ನು ಗಾನಮೇಳ ಅನ್ನಿ, ಮೆಲ್ಲಿಸೈ ಅನ್ನಿ, ಆರ್ಕೆಸ್ಟ್ರಾ ಅನ್ನಿ, ಸಣ್ಣ ತಂಡಕ್ಕೆ ಇನ್ನೊಬ್ಬರ ಸಂಬಳ, ಇನ್ನೊಂದು ಆಂಪ್ಲಿಫೈಯರ್ ಭಾರ. ಕೀಬೋರ್ಡಿನವರ ಎಡಗೈ ಅಥವಾ ಮೊದಲೇ ತುಂಬಿಸಿಟ್ಟ ಟ್ರ್ಯಾಕ್ ಬೇಸ್ ಕೆಲಸ ಮುಗಿಸಿಬಿಡುತ್ತೆ. ಇದಕ್ಕೂ ಮುಂಚೆ ಶ್ರುತಿಪೆಟ್ಟಿಗೆ ಬಂದು ಒತ್ತಿನ ಹುಡುಗ ಹೊರಗುಳಿದ. ಬೆಂಗಳೂರಿನ ರಾಡೆಲ್ ಕಂಪನಿಯಂಥವರ ಎಲೆಕ್ಟ್ರಾನಿಕ್ ತಂಬೂರಿ ಬಂದಾಗ ಎಷ್ಟೋ ಕಛೇರಿಗಳಲ್ಲಿ ಗುರುವಿನ ಬೆನ್ನ ಹಿಂದಿನ ಜಾಗವೂ ಹೋಯಿತು. ಶ್ರುತಿ ತಪ್ಪಲಿಲ್ಲ, ಸರಿ. ಕಲಿಯೋಕೆ ಬಂದವರಿಗೆ ಕೂರಲು ಇದ್ದ ಜಾಗ ಮಾತ್ರ ಹೋಯಿತು. ಇವತ್ತು ಪಂದಲೂರಿನಲ್ಲೋ ಗುಂಡ್ಲುಪೇಟೆಯಲ್ಲೋ ಒಬ್ಬ ಹುಡುಗಿ ಬೇಸ್ ಹಿಡಿದರೆ ಜಾಗ ಖಾಲಿ ಇತ್ತು ಅನ್ನೋ ಕಾರಣ ಅವಳಿಗೆ ಸಿಗಲ್ಲ. ಕೀಬೋರ್ಡಿನವರ ಹತ್ತಿರ ಹೋಗಿ, ಎಡಗೈ ಸ್ವಲ್ಪ ತೆಗೀರಿ ಅಣ್ಣ, ಇದನ್ನ ನಾನು ನುಡಿಸ್ತೀನಿ ಅಂತ ಅವಳೇ ಕೇಳಬೇಕು.