ಬಿಟ್ಟಲ್ಲಿ ನಿಲ್ಲದ ಆನೆಗಳು

ಒಂದು ಕಾಲಕ್ಕೆ ಹಿಡಿದ ಆನೆ ಕಾಡಿಗೆ ಮರಳುವ ಮಾತೇ ಇರಲಿಲ್ಲ. 1874ರಲ್ಲಿ ಬ್ರಿಟಿಷ್ ಅಧಿಕಾರಿ ಸ್ಯಾಂಡರ್ಸನ್ ಚಾಮರಾಜನಗರದ ಬಳಿ ನಡೆಸಿದ ಖೆಡ್ಡಾದಿಂದ, ಅಂದರೆ ಆನೆಗಳನ್ನು ಅಟ್ಟಿ ಕೂಡಿಹಾಕುವ ಬೇಟೆಯಿಂದ, 1971ರ ಕಾಕನಕೋಟೆಯ ಕೊನೆಯ ಖೆಡ್ಡಾದವರೆಗೆ ಸಿಕ್ಕವು ಪಳಗಿದವು, ಮಾರಾಟವಾದವು.

ಆಮೇಲೆ ಬಂದದ್ದು ಹಿಡಿದು ಬೇರೆ ಕಾಡಿಗೆ ಬಿಡುವ ಪದ್ಧತಿ. ಲಾರಿ ಏರಿಸಿದರೆ ಪೀಡೆ ಕಳೆಯಿತೆಂಬುದು ನಮ್ಮ ಲೆಕ್ಕ. ಆನೆಯ ಲೆಕ್ಕ ಬೇರೆ. ಬೇಲೂರು ಸೀಮೆಯಲ್ಲಿ 2023ರಲ್ಲಿ ಹಿಡಿದ ಕೋರೆಯಿಲ್ಲದ ಮಖ್ನಾಗೆ ರೇಡಿಯೊ ಕಾಲರ್ ತೊಡಿಸಿ ಬಂಡೀಪುರದ ಮೂಲೆಹೊಳೆಯಲ್ಲಿ ಬಿಟ್ಟರು. ಅದು ಕೇರಳಕ್ಕೆ ದಾಟಿತು. 2024ರ ಫೆಬ್ರುವರಿಯಲ್ಲಿ ಮಾನಂತವಾಡಿ ಬಳಿ ಒಬ್ಬರನ್ನು ಕೊಂದಿತು.

ಶ್ರೀಲಂಕಾದಲ್ಲಿ ಹೀಗೆ ಸಾಗಿಸಿದ 12 ಗಂಡಾನೆಗಳ ಜಾಡು ಹಿಡಿದ 2012ರ ಅಧ್ಯಯನ ಮೂರು ಬಗೆ ಕಂಡಿತು: ತವರಿಗೆ ಮರಳಿದವು, ಅಲೆದಾಡಿದವು, ನೆಲೆನಿಂತವು.

ಬಿಟ್ಟಲ್ಲಿ ನಿಲ್ಲದಿರುವುದರಲ್ಲಿ ಚಿರತೆಯೂ ಕಡಿಮೆಯಲ್ಲ. 2009ರಲ್ಲಿ ಮಹಾರಾಷ್ಟ್ರದ ಮಾಳಶೇಜ್ ಘಾಟಿಯಲ್ಲಿ ಬಿಟ್ಟ ‘ಆಜೋಬಾ’ ಸುಮಾರು 120 ಕಿ.ಮೀ. ನಡೆದು ಮುಂಬೈ ಸೇರಿತು.