ವೇಷ ಮತ್ತು ಪ್ರಾತಿನಿಧ್ಯ: ಕುಂದಗೋಳದ ಪರಂಪರೆಯ ಒಂದು ಅವಲೋಕನ

ರಂಗದ ಮೇಲೆ ಚಿತ್ರಿತವಾಗುವ ಸಮುದಾಯಗಳೆಲ್ಲ ರಂಗವನ್ನು ಏರಿರುತ್ತವೆಂದು ಭಾವಿಸಲಾಗದು. 1927ರಲ್ಲಿ ತೆರೆಕಂಡ ಬಸ್ಟರ್ ಕೀಟನ್‌ನ ‘ಕಾಲೇಜ್’ ಎಂಬ ಹಾಲಿವುಡ್ ಮೂಕಿಚಿತ್ರವು ಕಾಲೇಜು ಆಟೋಟಗಳನ್ನು ಕುರಿತ ಪ್ರಹಸನ. ಅದರಲ್ಲಿ ಬಿಳಿಯ ನಾಯಕನು ಮುಖಕ್ಕೆ ಕಪ್ಪು ಬಳಿದುಕೊಂಡು ಕರಿಯ ಪರಿಚಾರಕನ ವೇಷ ಧರಿಸುತ್ತಾನೆ. ಕರಿಯರ ಚಹರೆ ನಗೆಯ ಸಾಮಗ್ರಿಯಾಗುತ್ತದೆ. ಆಟದ ಗೆಲುವು ಬಿಳಿಯನದೇ ಆಗಿ ಉಳಿಯುತ್ತದೆ. ಒಬ್ಬರ ಪಾತ್ರವನ್ನು ಇನ್ನೊಬ್ಬರು ಧರಿಸುವ ಈ ವ್ಯವಸ್ಥೆಯನ್ನು ಬೇರೊಂದು ಬಗೆಯಲ್ಲಿ ಧಾರವಾಡ ಸೀಮೆಯ ರಂಗ ಇತಿಹಾಸದಲ್ಲಿಯೂ ಕಾಣಬಹುದು.

ಉತ್ತರ ಕರ್ನಾಟಕದ ದೊಡ್ಡಾಟ ಮತ್ತು ಸಣ್ಣಾಟಗಳಲ್ಲಿ ಸ್ತ್ರೀಪಾತ್ರಗಳನ್ನು ಬಹುಮಟ್ಟಿಗೆ ಪುರುಷರೇ ನಿರ್ವಹಿಸುತ್ತ ಬಂದರು. ‘ಸಂಗ್ಯಾ ಬಾಳ್ಯಾ’ದ ಗಂಗಾಳ ಸೀರೆಯನ್ನು ಗಂಡಸರು ಉಟ್ಟರು. ‘ಶ್ರೀಕೃಷ್ಣ ಪಾರಿಜಾತ’ದಲ್ಲಿ ಕೌಜಲಗಿ ನಿಂಗಮ್ಮ ಹೆಸರು ಗಳಿಸಿದ್ದು ಈ ರೂಢಿಗೆ ಅಪವಾದವಾಗಿ. ಕಂಪನಿ ನಾಟಕಗಳೂ ಇದೇ ರೂಢಿಯನ್ನು ಮುಂದುವರಿಸಿದವು. ಏಣಗಿ ಬಾಳಪ್ಪನವರು (1914–2017) ಸ್ತ್ರೀಪಾತ್ರಗಳಿಂದಲೇ ಮೊದಲು ಪ್ರಸಿದ್ಧಿ ಪಡೆದರು.

ಈ ಪರಂಪರೆಯ ಸಂಕೀರ್ಣತೆಯು ಕುಂದಗೋಳದಲ್ಲಿ ಸ್ಪಷ್ಟವಾಗುತ್ತದೆ. ಇಲ್ಲಿನ ರಾಮಚಂದ್ರ ಗಣೇಶ ಕುಂದಗೋಳಕರ (1886–1952) ಅವರು ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರ ಶಿಷ್ಯರು. ಮರಾಠಿ ರಂಗಭೂಮಿಯಲ್ಲಿ ಸುಭದ್ರೆಯಂತಹ ಸ್ತ್ರೀಪಾತ್ರಗಳನ್ನು ಹಾಡಿ ಮೆರೆದ ಅವರು ಸವಾಯಿ ಗಂಧರ್ವರೆಂದು ಪ್ರಖ್ಯಾತರಾದರು. ಆ ‘ಸೌಭದ್ರ’ ನಾಟಕವನ್ನು ರಚಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು ಎಂಬುದು ಗಮನಾರ್ಹ.

ಪುರುಷನು ಸ್ತ್ರೀಯಾಗಿ ಹಾಡಿದರೆ ಬಿರುದು ದೊರೆಯುತ್ತಿದ್ದ ಆ ಕಾಲದಲ್ಲಿ, ಹಾಡುವ ಸ್ತ್ರೀಗೆ ದೊರೆಯುತ್ತಿದ್ದುದೇನು? ಗಂಗೂಬಾಯಿ ಹಾನಗಲ್ಲ (1913–2009) ಅವರ ಬದುಕು ಇದಕ್ಕೆ ಉತ್ತರ ನೀಡುತ್ತದೆ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಬಾಲಕಿಯಾಗಿ ಸ್ವಾಗತಗೀತೆ ಹಾಡಿದ ಅವರಿಗೆ, ತಮ್ಮ ಜಾತಿಯ ಕಾರಣದಿಂದ ಊಟದ ನಂತರ ಎಂಜಲೆಲೆ ತೆಗೆಯಲು ಹೇಳುವರೇನೋ ಎಂಬ ಅಳುಕು ಕಾಡಿತ್ತು. ಬೀದಿಯಲ್ಲಿ ಗಾಯಕಿಯೆಂಬ ಹೀಯಾಳಿಕೆಯನ್ನೂ ಅವರು ಕೇಳಬೇಕಾಯಿತು. ಅಂಥವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರಲ್ಲಿ ಪಾಠ ಪಡೆದರು. ಗದಗಿನ ಭೀಮಸೇನ ಜೋಶಿ, ಮುಂಬಯಿಯ ಪಾರ್ಸಿ ಗಾಯಕ ಫಿರೋಜ್ ದಸ್ತೂರ್ ಅವರೂ ಇದೇ ಗುರುವಿನ ಶಿಷ್ಯರು. ಮುಸ್ಲಿಂ ಗುರು, ಬ್ರಾಹ್ಮಣ ಶಿಷ್ಯ, ಆ ಶಿಷ್ಯನ ಬಳಿ ಪಾರ್ಸಿ ಮತ್ತು ಗಂಗಾಮತಸ್ಥ ವಿದ್ಯಾರ್ಥಿಗಳು: ರಂಗವು ನೀಡದ ಪ್ರಾತಿನಿಧ್ಯವನ್ನು ಗುರುವಿನ ಪಾಠದ ಮನೆಯು ಒಂದು ಮಟ್ಟಿಗೆ ನೀಡಿತು.

ಇನ್ನೊಂದು ಸಂಗತಿಯೂ ಇಲ್ಲಿ ವಿಚಾರಾರ್ಹ. ಗಂಟಲಿನ ಶಸ್ತ್ರಚಿಕಿತ್ಸೆಯ ತರುವಾಯ ಗಂಗೂಬಾಯಿಯವರ ಧ್ವನಿ ಗಡಸಾಗಿ, ಪುರುಷಕಂಠದಂತೆ ಕೇಳತೊಡಗಿತು. ಸ್ತ್ರೀವೇಷದಲ್ಲಿ ಹಾಡಿದ ಗುರುವಿನ ಶಿಷ್ಯೆಯು ಯಾವ ವೇಷವನ್ನೂ ಧರಿಸದೆ, ಹೆಣ್ಣಿನ ಕಂಠವೆಂದರೆ ಹೀಗೆಯೇ ಇರಬೇಕೆಂಬ ನಿರೀಕ್ಷೆಯನ್ನು ಮೀರಿದರು.

ಕೀಟನ್‌ನ ಕಪ್ಪು ಬಣ್ಣವನ್ನೂ ನಮ್ಮ ಸ್ತ್ರೀವೇಷವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಮೊದಲನೆಯದು ಅಣಕ; ಎರಡನೆಯದು ದೀರ್ಘ ಸಾಧನೆಯಿಂದ ಸಿದ್ಧಿಸಿದ ಕಲೆ. ಆದರೆ ಕಲೆಯ ಹಿರಿಮೆಯು ಗೈರುಹಾಜರಿಯನ್ನು ಮರೆಮಾಚಬಾರದು. ಸುಭದ್ರೆಗೆ ಚಪ್ಪಾಳೆ ತಟ್ಟಿದ ಸಮಾಜವೇ ಹಾಡುವ ಹುಡುಗಿಯನ್ನು ಹೀಯಾಳಿಸಿತು. ಆದ್ದರಿಂದ ವೇಷದ ಇತಿಹಾಸವನ್ನು ಬರೆಯುವಾಗ, ಬಣ್ಣ ಹಚ್ಚಿದವರ ಜೊತೆಗೆ ಬಣ್ಣದ ಮನೆಯೊಳಗೆ ಪ್ರವೇಶವಿಲ್ಲದವರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಗತ್ಯ.