ನ್ಯೂಟ್ರಲ್, ಅರ್ತ್ ಎರಡೂ ಒಂದೇ ಎಂದು ಮನೆಯಲ್ಲಿ ಸೇರಿಸಬಹುದೇ?

“ನ್ಯೂಟ್ರಲ್ ಹೋಗುವುದೂ ನೆಲಕ್ಕೆ, ಅರ್ತ್ ಹೋಗುವುದೂ ನೆಲಕ್ಕೆ. ಎರಡನ್ನೂ ಸೇರಿಸಿಬಿಟ್ಟರೆ ಅರ್ತ್ ಗುಂಡಿಯ ಖರ್ಚು ಉಳಿಯುತ್ತದೆ.” ಈ ಸಲಹೆ ಅರ್ಧ ನಿಜ. ಆದರೆ ಉಳಿದರ್ಧ ಜೀವ ತೆಗೆಯಬಹುದು. ಮೂಡಿಗೆರೆ, ಕಳಸದ ಕಡೆಯ ಕಾಫಿ ತೋಟದ ಮನೆಗಳಲ್ಲಂತೂ ಅಪಾಯ ಇನ್ನೂ ಹೆಚ್ಚು.

ನಿಜ ಎಷ್ಟು?

ಫೇಸ್ ವೈರಿನಲ್ಲಿ ಬಂದ ಕರೆಂಟ್ ಬಲ್ಬ್, ಮೋಟಾರ್ ನಡೆಸಿ ನ್ಯೂಟ್ರಲ್ ವೈರಿನಲ್ಲಿ ವಾಪಸ್ ಹೋಗುತ್ತದೆ. ಅಂದರೆ ನ್ಯೂಟ್ರಲ್‌ನಲ್ಲಿ ದಿನವೂ ಕರೆಂಟ್ ಹರಿಯುತ್ತದೆ. ಹಸಿರು ಬಣ್ಣದ ಅರ್ತ್ ವೈರಿನಲ್ಲಿ ಹಾಗಲ್ಲ. ಗೀಸರ್ ಅಥವಾ ಪಂಪಿನ ಮೈಗೆ ಕರೆಂಟ್ ಸೋರಿದಾಗ ಮಾತ್ರ ಅದಕ್ಕೆ ಕೆಲಸ.

ಟ್ರಾನ್ಸ್‌ಫಾರ್ಮರ್ ಬಳಿ ನ್ಯೂಟ್ರಲ್ಲನ್ನು ನೆಲಕ್ಕೆ ಜೋಡಿಸಿರುತ್ತಾರೆ ಎಂಬುದು ನಿಜ. ಅಮೆರಿಕದ ವಿಡಿಯೋಗಳಲ್ಲಿ ಮನೆಯ ಮುಖ್ಯ ಪ್ಯಾನೆಲ್‌ನಲ್ಲೇ ಎರಡನ್ನೂ ಸೇರಿಸುವುದೂ ನಿಜ. ಅಲ್ಲಿನ ಇಡೀ ವ್ಯವಸ್ಥೆ ಅದಕ್ಕೆ ತಕ್ಕಂತೆ ಇದೆ. ನಮ್ಮ ಮನೆಯ ಬೋರ್ಡಿನಲ್ಲಿ ಅದನ್ನು ನಕಲು ಮಾಡುವಂತಿಲ್ಲ.

ಸೇರಿಸಿದರೆ ಏನಾಗುತ್ತದೆ?

ಮಳೆಗಾಲದಲ್ಲಿ ಸಿಲ್ವರ್ ಓಕ್ ಮರವೋ ಕೊಂಬೆಯೋ ಲೈನಿನ ಮೇಲೆ ಬಿದ್ದು ನ್ಯೂಟ್ರಲ್ ಮಾತ್ರ ತುಂಡಾಯಿತು ಎನ್ನಿ. ಲೈಟ್ ಉರಿಯುವುದಿಲ್ಲ, “ಕರೆಂಟ್ ಹೋಯ್ತು” ಎಂದುಕೊಳ್ಳುತ್ತೇವೆ. ಆದರೆ ಫೇಸ್ ಬಂದೇ ಇದೆ. ಅದು ಬಲ್ಬಿನ ಮೂಲಕ ಹಾದು ಮನೆಯೊಳಗಿನ ನ್ಯೂಟ್ರಲ್ ವೈರಿಗೂ ಬಂದು ನಿಲ್ಲುತ್ತದೆ. ಆಗ ಟೆಸ್ಟರ್ ಇಟ್ಟರೆ ಎರಡೂ ತೂತಿನಲ್ಲಿ ಉರಿಯುತ್ತದೆ. ಅರ್ತ್ ಗುಂಡಿಯೇ ಇಲ್ಲದೆ ನ್ಯೂಟ್ರಲ್ಲನ್ನು ಅರ್ತ್‌ಗೆ ಸೇರಿಸಿದ್ದರೆ ಗೀಸರ್, ಫ್ರಿಜ್, ಪಂಪು ಎಲ್ಲದರ ಲೋಹದ ಮೈಗೆ 230 ವೋಲ್ಟ್ ಬರುತ್ತದೆ. ಒದ್ದೆ ಕಾಲಲ್ಲಿ ಮುಟ್ಟಿದವರ ಗತಿ ಹೇಳಬೇಕಿಲ್ಲ.

ನ್ಯೂಟ್ರಲ್ ಹೋದಾಗ ಅರ್ತ್ ವೈರಿನಿಂದ ಲೈಟ್ ಉರಿಸುವುದೂ ಇಷ್ಟೇ ಕೆಟ್ಟದ್ದು. ಗುಂಡಿಯ ತಡೆ 20 ಓಮ್ ಇದ್ದು, 3 ಆಂಪಿಯರ್ ಹರಿದರೆ ಅರ್ತ್ ವೈರಿಗೆ 60 ವೋಲ್ಟ್ ಬರುತ್ತದೆ. ಅದಕ್ಕೆ ಜೋಡಿಸಿದ ಎಲ್ಲ ಉಪಕರಣಗಳ ಮೈಗೂ ಅಷ್ಟೇ.

ಹಾಗಾದರೆ ಅರ್ತ್ ಗುಂಡಿ ಒಂದೇ ಸಾಕೇ?

ಸಾಲದು. ಅದೇ 20 ಓಮ್ ಗುಂಡಿಗೆ 230 ವೋಲ್ಟ್ ಸೋರಿದರೂ ಹೆಚ್ಚೆಂದರೆ 11.5 ಆಂಪಿಯರ್ ಹರಿಯುತ್ತದೆ. 16 ಆಂಪಿಯರ್‌ನ ಎಂಸಿಬಿ ಇದಕ್ಕೆ ಟ್ರಿಪ್ ಆಗುವುದಿಲ್ಲ. ಅದು ಇರುವುದು ಓವರ್‌ಲೋಡ್ ಮತ್ತು ಶಾರ್ಟ್ ಸರ್ಕ್ಯೂಟ್‌ಗೆ. ಸೋರಿಕೆ ಹಿಡಿಯುವುದು ಆರ್‌ಸಿಸಿಬಿ. ಫೇಸಿನಲ್ಲಿ ಹೋದ ಕರೆಂಟ್ ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬಂತೇ ಎಂದು ಅದು ಲೆಕ್ಕ ನೋಡುತ್ತದೆ. ಮನೆಗೆ ಹಾಕುವ ಆರ್‌ಸಿಸಿಬಿಯಲ್ಲಿ ವ್ಯತ್ಯಾಸ 30 ಮಿಲಿ ಆಂಪಿಯರ್ ತಲುಪಿದರೆ ಕ್ಷಣದಲ್ಲೇ ಸಪ್ಲೈ ಕಡಿಯುತ್ತದೆ.

ಆರ್‌ಸಿಸಿಬಿ ಆದಮೇಲೆ ಎಲ್ಲಾದರೂ ನ್ಯೂಟ್ರಲ್, ಅರ್ತ್ ಸೇರಿದ್ದರೆ ಈ ಲೆಕ್ಕ ತಪ್ಪಿ ಅದು ಪದೇ ಪದೇ ಟ್ರಿಪ್ ಆಗುತ್ತದೆ. “ಇದರದ್ದು ಬರೀ ಕಿರಿಕಿರಿ” ಎಂದು ಆರ್‌ಸಿಸಿಬಿಯನ್ನೇ ತೆಗೆಸಬೇಡಿ. ತಪ್ಪು ವೈರಿಂಗನ್ನು ಹುಡುಕಿಸಿ.

ನೀವು ಮಾಡಬೇಕಾದ್ದು

• ಮನೆಗೆ ಮತ್ತು ಪಂಪಿಗೆ ಆರ್‌ಸಿಸಿಬಿ ಇದೆಯೇ ನೋಡಿ. ತಿಂಗಳಿಗೊಮ್ಮೆ ಅದರ ‘ಟಿ’ ಬಟನ್ ಒತ್ತಿ. ಕೂಡಲೇ ಟ್ರಿಪ್ ಆಗಬೇಕು. ಇದು ಆರ್‌ಸಿಸಿಬಿಯ ಪರೀಕ್ಷೆ ಮಾತ್ರ, ಅರ್ತ್‌ನ ಪರೀಕ್ಷೆ ಅಲ್ಲ.
• ಅರ್ತ್ ಗುಂಡಿಯ ತಡೆಯನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ಅಳೆಯಿಸಿ. ಮಣ್ಣು ಒಣಗಿದಾಗ ತಡೆ ಹೆಚ್ಚುತ್ತದೆ. ಆದ್ದರಿಂದ ಫೆಬ್ರುವರಿ, ಮಾರ್ಚ್‌ನಲ್ಲಿ ಅಳೆಯುವುದು ಒಳ್ಳೆಯದು. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕಿ.
• ತೋಟದ ಲೈನ್ ಮನೆಗಳನ್ನೂ ಇದೇ ಪರೀಕ್ಷೆಗೆ ಸೇರಿಸಿ.
• ಲೈಟ್ ಒಮ್ಮೆ ಮಂಕಾಗಿ ಒಮ್ಮೆ ಜೋರಾಗಿ ಉರಿದರೆ ನ್ಯೂಟ್ರಲ್ ಸಡಿಲವಾಗಿರಬಹುದು. ಮೇನ್ ಆಫ್ ಮಾಡಿ, ಮೆಸ್ಕಾಂಗೆ 1912ರಲ್ಲಿ ತಿಳಿಸಿ.

ಒಟ್ಟಿನಲ್ಲಿ: ನ್ಯೂಟ್ರಲ್, ಅರ್ತ್ ಟ್ರಾನ್ಸ್‌ಫಾರ್ಮರ್ ಬಳಿ ಸೇರಿರುವುದು ನಿಜ. ಅವನ್ನು ನಮ್ಮ ಮನೆಯ ಬೋರ್ಡಿನಲ್ಲೂ ಸೇರಿಸಬಹುದು ಎಂಬ ಸಲಹೆ ತಪ್ಪು ಮತ್ತು ಅಪಾಯಕಾರಿ.